ಮಧ್ಯಾಹ್ನದ ಆಟ

ನಮ್ಮಪ್ಪನ ಬಲಗೈ ಮಣಿಕಟ್ಟನ್ನು ಮುರಿದವಳು ನಾನು. ಲ್ಯಾಪ್‌ಟಾಪಿನಿಂದ ಹೊಡೆದು ಮುರಿದೆ. ಆಸ್ಪತ್ರೆಯ ಕಾಗದದಲ್ಲಿ ‘ಬಚ್ಚಲಲ್ಲಿ ಜಾರಿ ಬಿದ್ದದ್ದು’ ಎಂದಿದೆ. ಅದು ಅಪ್ಪ ಹೇಳಿದ ಸುಳ್ಳು. ಆ ಸುಳ್ಳನ್ನು ಅಳಿಸಬೇಕೆಂದೇ ಇದನ್ನು ಬರೆಯುತ್ತಿದ್ದೇನೆ. ನನಗೆ ಈಗ ನೆನಪು ಆಗಾಗ ಕೈಕೊಡುತ್ತದೆ, ಆದರೆ ಆ ಮೂಳೆಯ ಸದ್ದನ್ನು ಮರೆತಿಲ್ಲ.

ಚೆನ್ನೈಯ ಪ್ಯಾರೀಸ್ ಕಾರ್ನರಿನ ಸಗಟು ಅಂಗಡಿಗಳ ನಡುವೆ ನಮ್ಮದೊಂದು ಸಸ್ಯಾಹಾರಿ ಹೋಟೆಲ್ ಇದೆ. ಅಪ್ಪ ಉಡುಪಿ ಕಡೆಯಿಂದ ಬಂದು ಇನ್ಯಾರದೋ ಹೋಟೆಲಿನಲ್ಲಿ ವರ್ಷಗಟ್ಟಲೆ ಸಪ್ಲೈಯರ್ ಆಗಿ ತಟ್ಟೆ ಹೊತ್ತು, ಆಮೇಲೆ ಇದನ್ನು ಹಾಕಿದವರು. ನಮ್ಮಲ್ಲಿ ಆರ್ಡರ್ ಬರೆದುಕೊಳ್ಳುವ ಪದ್ಧತಿ ಇಲ್ಲ. ಸಪ್ಲೈಯರು ನಾಲ್ಕಾರು ಮೇಜಿನ ಬೇಡಿಕೆಯನ್ನು ತಲೆಯಲ್ಲಿಟ್ಟುಕೊಂಡು ಬಂದು ಅಡುಗೆಮನೆಯ ಗೋಡೆಯಲ್ಲಿರುವ ಕಿಂಡಿಯ ಮುಂದೆ ಕೂಗುತ್ತಾನೆ. ಕಿಂಡಿಯ ಒಳಗೆ ನಿಂತವರು ಆರು ಜನ ಸಪ್ಲೈಯರ ಕೂಗನ್ನೂ ಹಿಡಿದಿಟ್ಟುಕೊಂಡು, ಯಾವುದು ಮೊದಲು ಯಾವುದು ಆಮೇಲೆ ಎಂದು ವಿಂಗಡಿಸಿ, ಕಾವಲಿಯ ಮುಂದಿರುವ ದೋಸೆ ಭಟ್ಟರಿಗೆ ಹೇಳಬೇಕು. ಭಟ್ಟರು ತಿರುಗಿ ನೋಡುವುದಿಲ್ಲ. ದನಿ ಕೇಳಿದಂತೆ ಹಿಟ್ಟು ಹೊಯ್ಯುತ್ತಾರೆ. ‘ಬರ್ಕೊಂಡವ ಸಪ್ಲೈಯರ್ ಅಲ್ಲ, ಗುಮಾಸ್ತ’ ಎಂದು ಅಪ್ಪ ಹೇಳುತ್ತಿದ್ದರು. ಅಪ್ಪನಿಗೆ ಮಂಡಿನೋವು ಬಂದ ಮೇಲೆ ಆ ಕಿಂಡಿಯಲ್ಲಿ ನಿಂತವಳು ನಾನು. ಹೆಂಗಸು ಅಡುಗೆಮನೆಯಲ್ಲಿ ಗಂಡಸರ ನಡುವೆ ನಿಂತು ಕೂಗುವುದೇ ಎಂದು ನೆಂಟರು ಮೂಗು ಮುರಿದರು. ಹನ್ನೆರಡು ವರ್ಷ ಕೂಗಿದೆ. ಒಂದೇ ಹೊತ್ತಿಗೆ ನಲವತ್ತು ತಟ್ಟೆ ನನ್ನ ತಲೆಯಲ್ಲಿ ಇರುತ್ತಿದ್ದವು. ಅಷ್ಟು ಸುಖ ನನಗೆ ಮದುವೆಯಲ್ಲೂ ಸಿಗಲಿಲ್ಲ. ಆ ಮದುವೆ ಮೂರೇ ವರ್ಷ ಬಾಳಿತು, ಆ ಕತೆ ಇಲ್ಲಿಗೆ ಬೇಡ.

ಅಪ್ಪನ ಕೈ ಮೊದಲಿನಿಂದಲೂ ಮುಂದು. ತಪ್ಪು ತಟ್ಟೆ ಹೋಯಿತೆಂದರೆ ಹೊಡೆಯುತ್ತಿದ್ದರು. ನಾನು ಶಾಲೆಗೆ ಹೋಗುತ್ತಿದ್ದಾಗ ಒಮ್ಮೆ ಒಬ್ಬ ಸಪ್ಲೈಯರು, ಈರುಳ್ಳಿ ತಿನ್ನದ ಗಿರಾಕಿಗೆ ಈರುಳ್ಳಿ ಊತಪ್ಪ ಇಟ್ಟುಬಿಟ್ಟ. ಅಪ್ಪ ಅವನನ್ನು ಕೈತೊಳೆಯುವ ತೊಟ್ಟಿಯ ಹತ್ತಿರ ಎಳೆದುಕೊಂಡು ಹೋಗಿ ಒದ್ದೆ ಟವೆಲಿನಿಂದ ಮುಖಕ್ಕೆ ಬಾರಿಸಿದರು. ಅವನ ತುಟಿ ಒಡೆದು ರಕ್ತ ಬಂತು. ‘ಬೇಡ ಅಂದದ್ದನ್ನು ಎಲೆಗೆ ಹಾಕುದು ಅಂದ್ರೆ ವಿಷ ಹಾಕಿದ ಹಾಗೆ’ ಎಂದರು. ಅಪ್ಪ ಸ್ವತಃ ಈರುಳ್ಳಿ ಮುಟ್ಟಿದವರಲ್ಲ. ಮೂಟೆಗಟ್ಟಲೆ ಹೆಚ್ಚಿಸಿ ಊರಿಗೆಲ್ಲ ತಿನ್ನಿಸಿದರು, ತಮ್ಮ ಬಾಯಿಗೆ ಒಂದು ಎಸಳು ಹೋಗಲು ಬಿಡಲಿಲ್ಲ. ಅದೇ ಕೈ ನನ್ನ ಬೆನ್ನಿನ ಮೇಲೂ ಬಿದ್ದಿದೆ, ಮಗ್ಗಿ ತಪ್ಪಿದ್ದಕ್ಕೆ, ಎದುರು ಮಾತಾಡಿದ್ದಕ್ಕೆ. ನೂಲಿನಂತೆ ಸೀರೆ ಎನ್ನುತ್ತಾರಲ್ಲ, ನನ್ನ ಕೈಯೂ ಹಾಗೇ ಬೆಳೆಯಿತು.

ಆದರೆ ಅದೇ ಅಪ್ಪ ಇನ್ನೊಂದು ರೂಢಿಯನ್ನೂ ಬಿಟ್ಟವರಲ್ಲ. ಸಪ್ಲೈಯರ ನಡುವೆ ಅದಕ್ಕೆ ‘ಮೇಜು ಕಾಯುವುದು’ ಎನ್ನುತ್ತಾರೆ. ಒಬ್ಬನಿಗೆ ಜ್ವರ ಬಂದು ಮಲಗಿದರೆ ಮತ್ತೊಬ್ಬ ಅವನ ಮೇಜುಗಳನ್ನು ಅವನ ಹೆಸರಿನಲ್ಲೇ ನೋಡಿಕೊಳ್ಳಬೇಕು. ಯಜಮಾನನಿಗೆ ಹೇಳುವ ಹಾಗಿಲ್ಲ, ಮಲಗಿದವನಿಗೂ ಹೇಳಿ ಋಣ ಹೊರಿಸುವ ಹಾಗಿಲ್ಲ. ಕಾಯದಿದ್ದರೆ ಮೇಜು ಬೇರೆಯವನ ಪಾಲಾಗುತ್ತದೆ, ಮತ್ತೆ ಸಿಗುವುದಿಲ್ಲ. ಅಪ್ಪ ಯಜಮಾನರಾದ ಮೇಲೂ ಇದೆಲ್ಲ ಗೊತ್ತಿದ್ದೂ ಗೊತ್ತಿಲ್ಲದವರಂತೆ ಇರುತ್ತಿದ್ದರು.

ಒಂದು ಬೇಸಗೆಯಲ್ಲಿ ಕಾವಲಿಯ ಝಳಕ್ಕೆ ನನ್ನ ಎಡಗಣ್ಣು ಮಂಜಾಯಿತು. ಸೆಖೆ ಎಂದುಕೊಂಡೆ. ಆಮೇಲೆ ಪಾದ ಜೋಮು ಹಿಡಿಯತೊಡಗಿತು. ಆಮೇಲೆ ಒಂದು ದಿನ ಯಾರೂ ಕೇಳದ ಎಂಟು ಮಸಾಲೆದೋಸೆಗಳನ್ನು ಕೂಗಿದೆ. ತಟ್ಟೆಗಳು ಸಾಲಾಗಿ ಬಂದು ಕಿಂಡಿಯಲ್ಲಿ ಕೂತವು, ತೆಗೆದುಕೊಳ್ಳುವವರೇ ಇಲ್ಲ. ಸಪ್ಲೈಯರೇ ಹೇಳಿ ಮರೆತಿದ್ದಾನೆಂದು ನಾನು ಕಿಂಡಿಯಿಂದ ಕೈ ಹೊರಗೆ ಹಾಕಿ ಸಾಂಬಾರಿನ ಸೌಟಿನಿಂದ ಅವನ ತಲೆಗೆ ಹೊಡೆದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅವನಿಗೆ ಹಣೆಯ ಮೇಲೆ ಹೊಲಿಗೆ ಬಿತ್ತು. ಜ್ವರ ಇದ್ದದ್ದು ನನ್ನ ತಲೆಯಲ್ಲಿ ಎಂದು ಸ್ಕ್ಯಾನ್ ಮಾಡಿದ ಮೇಲೆ ಗೊತ್ತಾಯಿತು.

ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದರು ಡಾಕ್ಟರು. ದೇಹದ ಕಾವಲುಗಾರರೇ ತಿರುಗಿ ಬಿದ್ದು, ಮಿದುಳಿನ ನರಗಳ ಮೇಲಿನ ಹೊದಿಕೆಯನ್ನು ಸುಲಿಯುತ್ತಾರಂತೆ. ಹೊದಿಕೆ ಹೋದಲ್ಲಿ ಸುದ್ದಿ ನಿಧಾನವಾಗುತ್ತದೆ, ಕೆಲವೊಮ್ಮೆ ತಲುಪುವುದೇ ಇಲ್ಲ. ಬಿಸಿಯಲ್ಲಿ ಇನ್ನೂ ಹೆಚ್ಚು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ನನ್ನನ್ನು ನಾನೇ ಒಳಗಿನಿಂದ ಹೊಡೆದುಕೊಳ್ಳುತ್ತಿದ್ದೇನೆ ಎಂದು ತಿಳಿದರೆ ಯಾರ ಮೇಲೆ ಕೈ ಎತ್ತುವುದು?

ಕಿಂಡಿಯಲ್ಲಿ ತಾತ್ಕಾಲಿಕವಾಗಿ ನನ್ನ ತಮ್ಮ ನಿಂತ. ಅವನು ಚೆನ್ನೈಯಲ್ಲೇ ಹುಟ್ಟಿದವನು, ಜಗಳವಾಡುವಾಗ ಅರ್ಧ ತಮಿಳಿಗೆ ಹೊರಳುತ್ತಾನೆ. “ಅಕ್ಕ, ಮೂರು ತಿಂಗಳು ನೋಡುವಾ,” ಎಂದ. “ಡಾಕ್ಟರು ಏನೋ ಟ್ರೈನಿಂಗ್ ಕೊಡ್ತಾರಂತಲ್ಲ. ಸರಿಯಾದ್ರೆ ಕಿಂಡಿ ನಿನ್ನದೇ. ಇಲ್ಲಾಂದ್ರೆ ನಾನು ಮಿಷನ್ ಹಾಕಿಸ್ತೇನೆ, ಎಲ್ಲಾರೂ ಬೆರಳಲ್ಲಿ ಒತ್ತಿದ್ರೆ ಒಳಗೆ ಚೀಟಿ ಬರ್ತದೆ. ಅವ್ವಳವು ತಾನ್.” ಅಷ್ಟೇ ಎಂದು ತಮಿಳಿನಲ್ಲಿ ಮುಗಿಸಿದ. ಎದುರಿಗಿದ್ದ ಫಿಲ್ಟರ್ ಕಾಫಿಯ ಲೋಟವನ್ನು ಅವನ ಎದೆಗೆ ಎಸೆದೆ. ಬಿಸಿ ಇತ್ತು. ಅವನು ಅಂಗಿ ಬಿಚ್ಚಿ ನೀರು ಹಾಕಿಕೊಂಡು ಬಂದು ಅದೇ ಮಾತನ್ನು ಮತ್ತೊಮ್ಮೆ ಹೇಳಿದ. ಅಪ್ಪ ಮೂಲೆಯಲ್ಲಿ ಕೂತು ಎಲ್ಲ ಕೇಳಿಸಿಕೊಂಡರು.

ಟ್ರೈನಿಂಗ್ ಎಂದರೆ ಕಂಪ್ಯೂಟರಿನಲ್ಲಿ ಆಡುವ ಆಟ. ನಮ್ಮ ಮನೆಯಿರುವ ಅಡ್ಯಾರಿನಲ್ಲೇ, ಎರಡು ಬೀದಿ ದಾಟಿದರೆ ಕ್ಲಿನಿಕ್ಕು. ಅಲ್ಲಿಯ ಮನಶ್ಶಾಸ್ತ್ರಜ್ಞೆ ಲ್ಯಾಪ್‌ಟಾಪಿನಲ್ಲಿ ನನ್ನ ಹೆಸರು ಹಾಕಿ ತೆರೆದುಕೊಟ್ಟರು. ಪರದೆಯ ಮೇಲೆ ಒಂದು ಬೀದಿ, ಸಾಲು ಮನೆಗಳು. ಒಂದೊಂದು ಕಿಟಕಿಯಲ್ಲಿ ದೀಪ ಹತ್ತಿ ಆರುತ್ತದೆ. ಅದೇ ಸಾಲಿನಲ್ಲಿ ಮತ್ತೆ ಒತ್ತಿ ತೋರಿಸಬೇಕು. ಸರಿಯಾದರೆ ಮುಂದಿನ ಸಲ ಒಂದು ಕಿಟಕಿ ಹೆಚ್ಚು, ತಪ್ಪಾದರೆ ಒಂದು ಕಡಿಮೆ. ಎಲ್ಲಿ ಬಿಟ್ಟೆವೋ ಮಾರನೆಯ ಆಟ ಅಲ್ಲಿಂದಲೇ ಶುರು. “ಇದು ಮದ್ದಲ್ಲ, ಅಭ್ಯಾಸ,” ಎಂದರು ಅವರು. “ಆಟದಲ್ಲಿ ಗೆದ್ದದ್ದು ಅಡುಗೆಮನೆಗೂ ಬರ್ತದೆ ಅಂತ ನಾನು ಮಾತು ಕೊಡೋದಿಲ್ಲ. ದಿನಕ್ಕೆ ಒಂದು ಸಲ, ತಲೆ ತಂಪಿರುವಾಗ ಆಡಿ. ಎಷ್ಟು ಕಿಟಕಿ ಅಂತ ಬರೆದಿಟ್ಟುಕೊಳ್ಳಿ.” ನಾನು ಬರೆದಿಟ್ಟುಕೊಳ್ಳಲಿಲ್ಲ. ಬರೆಯುವುದು ನಮ್ಮ ಕುಲದಲ್ಲೇ ಇಲ್ಲ.

ಮೊದಲ ವಾರ ಚೆನ್ನಾಗಿತ್ತು. ಮೂರು, ನಾಲ್ಕು. ಬೆಳಿಗ್ಗೆ ಏಳಕ್ಕೆ ಕೂತು ಆಡುತ್ತಿದ್ದೆ, ಅಪ್ಪ ಹಿಂದೆ ನಿಂತು ನೋಡುತ್ತಿದ್ದರು. ಆಮೇಲೆ ಅದೇನಾಯಿತೋ, ಕಿಟಕಿಗಳು ನುಗ್ಗಿ ಬಂದವು. ಕೂತ ಕೂಡಲೇ ಏಳು, ಎಂಟು, ಒಂಬತ್ತು ದೀಪಗಳು ಹತ್ತಿ ಆರಿದವು. ಒಂದೂ ಸರಿಯಾಗಲಿಲ್ಲ. ಪ್ರತಿ ತಪ್ಪಿಗೂ ಯಂತ್ರ ‘ಟೊಂಯ್’ ಎನ್ನುತ್ತಿತ್ತು, ಅಪ್ಪ ಹಿಂದಿನಿಂದ ನಿಟ್ಟುಸಿರು ಬಿಡುತ್ತಿದ್ದರು. ಇಳಿದು ಇಳಿದು ಐದಕ್ಕೋ ನಾಲ್ಕಕ್ಕೋ ಬರುವಷ್ಟರಲ್ಲಿ ತಲೆ ಸಿಡಿಯುತ್ತಿತ್ತು, ಎದ್ದುಬಿಡುತ್ತಿದ್ದೆ. ಮಾರನೆಯ ಬೆಳಿಗ್ಗೆ ಮತ್ತೆ ಒಂಬತ್ತು. ನಿನ್ನೆ ನಾಲ್ಕಕ್ಕೆ ಬಿಟ್ಟದ್ದು ಇಂದು ಒಂಬತ್ತು ಹೇಗಾಯಿತು ಎಂದು ಕೇಳಬೇಕಿತ್ತು. ನಿನ್ನೆ ಎಲ್ಲಿ ಬಿಟ್ಟೆ ಎಂದು ನೆನಪಿಡುವ ತಲೆ ಇದ್ದಿದ್ದರೆ ಆಟವೇ ಯಾಕೆ ಬೇಕಿತ್ತು? ನನಗೆ ಅರ್ಥವಾದದ್ದು ಒಂದೇ. ಆಟ ಇದ್ದ ಹಾಗೇ ಇದೆ, ನಾನು ಕೊಳೆಯುತ್ತಿದ್ದೇನೆ.

ಆ ಒಂದೂವರೆ ತಿಂಗಳು ನಮ್ಮ ಮನೆಯಲ್ಲಿ ಮುರಿಯದೆ ಉಳಿದ ಸಾಮಾನು ಕಡಿಮೆ. ಮೌಸನ್ನು ಗೋಡೆಗೆ ಹೊಡೆದೆ. ಕುರ್ಚಿಯ ಕಾಲು ಮುರಿದೆ. ತುಳಸಿಕಟ್ಟೆಯ ಮುಂದಿನ ದೀಪವನ್ನು ಒದ್ದೆ, ಅಪ್ಪ ಅದನ್ನು ಎತ್ತಿಟ್ಟು ಎಣ್ಣೆ ಹಾಕಿ ಮತ್ತೆ ಹಚ್ಚಿದರು. ಒಂದು ದಿನ ಹಣೆಯನ್ನು ಬಾಗಿಲ ಚೌಕಟ್ಟಿಗೆ ಬಡಿದುಕೊಂಡೆ, ಒಳಗೆ ಏನಾದರೂ ಜಾರಿ ತನ್ನ ಜಾಗಕ್ಕೆ ಕೂತೀತು ಎಂಬ ಹುಚ್ಚು ಆಸೆಯಿಂದ. ಅಪ್ಪ ಓಡಿ ಬಂದು ತಲೆಗೂ ಚೌಕಟ್ಟಿಗೂ ನಡುವೆ ಅಂಗೈ ಇಟ್ಟರು. ಆ ಅಂಗೈಯನ್ನು ಕಚ್ಚಿದೆ. ಹಲ್ಲಿನ ಗುರುತು ವಾರವಿತ್ತು. “ನಾಳೆ ಬರ್ತದೆ ಮಾರಾಯ್ತಿ. ನೀನು ಮಲಗು, ಬಾಕಿದ್ದು ಆಗ್ತದೆ,” ಎಂದರು. ಮಧ್ಯಾಹ್ನವಾದರೆ ನನಗೆ ಸುಸ್ತು ಎಂದರೆ ಹೆಣದ ಸುಸ್ತು, ಊಟ ಮುಗಿಸಿ ಮಲಗಿದರೆ ಐದಕ್ಕೇ ಎಚ್ಚರ. ಅಪ್ಪ ನನ್ನ ಕೋಣೆಯ ಬಾಗಿಲನ್ನು ಸದ್ದಿಲ್ಲದೆ ಎಳೆದುಕೊಳ್ಳುತ್ತಿದ್ದರು. ಕಾಳಜಿ ಎಂದುಕೊಂಡಿದ್ದೆ.

ಎರಡನೆಯ ತಿಂಗಳ ಕೊನೆಗೆ ಊಟದ ಹೊತ್ತು ಮೀರಿದ ಮೇಲೆ ಕ್ಲಿನಿಕ್ಕಿಗೆ ಬರಹೇಳಿದರು. ಮನಶ್ಶಾಸ್ತ್ರಜ್ಞೆ ತಮ್ಮ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು.

“ದಿನಕ್ಕೆ ಒಂದೇ ಸಲ ಅಂದಿದ್ದೆ, ನೀವು ಎರಡು ಸಲ ಆಡ್ತಾ ಇದ್ದೀರಿ,” ಎಂದರು. “ಬೆಳಿಗ್ಗೆ ನಾಲ್ಕು ಕಿಟಕಿ ಕಷ್ಟ. ಮಧ್ಯಾಹ್ನ ಮೂರು ಗಂಟೆಗೆ ಒಂಬತ್ತು, ಈಗೀಗ ಹನ್ನೊಂದು. ಈ ಕಾಯಿಲೆಯಲ್ಲಿ ಹೀಗಾಗೋದಿಲ್ಲ, ಮಧ್ಯಾಹ್ನವೇ ಹೆಚ್ಚು ದಣಿವು. ಎಪ್ಪಡಿ?”

ಹೇಗೆ ಎಂದು ಕೇಳಿದ್ದು. “ಮೂರು ಗಂಟೆಗೆ ನಾನು ನಿದ್ದೆಯಲ್ಲಿರ್ತೇನೆ,” ಎಂದೆ.

ಅವರು ಪರದೆಯ ಮೇಲಿನ ಮೂರು ಗಂಟೆಯ ಸಾಲುಗಳ ಮೇಲೆ ಬೆರಳಾಡಿಸಿದರು. ಆಮೇಲೆ ಅವರು ನಿಧಾನವಾಗಿ ಬಿಡಿಸಿ ಹೇಳಿದರು. ಮಧ್ಯಾಹ್ನ ಯಾರೋ ಗೆದ್ದು ಏರಿಸಿದ ಮೆಟ್ಟಿಲಿನಿಂದ ಬೆಳಿಗ್ಗೆ ನಾನು ಬೀಳುತ್ತಿದ್ದೆ. ನಾಲ್ಕರ ತಲೆಗೆ ನಾಲ್ಕು, ಐದು ಕೊಟ್ಟರೆ ಅದು ಅಭ್ಯಾಸ, ಒಂಬತ್ತು ಕೊಟ್ಟರೆ ಬರೀ ಪೆಟ್ಟು. ಎರಡು ತಿಂಗಳು ನನಗೆ ಸಿಕ್ಕಿದ್ದು ಪೆಟ್ಟು. ಉಳಿದಿದ್ದು ಒಂದೇ ತಿಂಗಳು. ಎದ್ದು ಹೊರಟೆ. ಅವರು ಹಿಂದಿನಿಂದ ಕರೆದರು, ನಿಲ್ಲಲಿಲ್ಲ. ಆ ಬಿಸಿಲಿನಲ್ಲಿ ಎಡಗಣ್ಣು ಪೂರ್ತಿ ಮಂಜಾಗಿತ್ತು. ಆಟೋ ಒಂದು ಮೈಮೇಲೆ ಬಂದು ಬೈದು ಹೋಯಿತು.

ಅಪ್ಪ ನಡುಮನೆಯಲ್ಲಿ ಬರೀ ಬನಿಯನ್ನಿನಲ್ಲಿ ಕೂತಿದ್ದರು, ತೊಡೆಯ ಮೇಲೆ ಲ್ಯಾಪ್‌ಟಾಪು. ಬಾಗಿಲಲ್ಲಿ ನಿಂತ ನಾನು ಅವರಿಗೆ ಕಾಣಲಿಲ್ಲ. ದೀಪ ಹತ್ತಿದಂತೆಲ್ಲ ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದರು. “ಎರಡನೇ ಮೇಜು. ಐದು. ಪುನಃ ಎರಡು. ಒಂಬತ್ತು. ಮೂಲೆ ಮೇಜು.” ಹನ್ನೊಂದನ್ನೂ ಹೇಳಿ, ಒಂದೇ ಬೆರಳಿನಲ್ಲಿ ಹನ್ನೊಂದನ್ನೂ ಒತ್ತಿದರು. ಒಂದೂ ತಪ್ಪಲಿಲ್ಲ. ಯಂತ್ರ ಗಂಟೆ ಬಾರಿಸಿತು. ಅಪ್ಪನ ಮುಖದಲ್ಲಿ ಎಂಥ ನಗು!

“ಎಂತ ಮಾಡ್ತಾ ಇದ್ದೀರಿ?” ಎಂದೆ.

ಅಪ್ಪ ಬೆಚ್ಚಿದರು. ಆಮೇಲೆ ತಪ್ಪೇ ಇಲ್ಲದವರಂತೆ ಹೇಳಿದರು, “ನಿನ್ನ ಮೇಜು ಕಾಯ್ತಾ ಇದ್ದೆ.”

ಲ್ಯಾಪ್‌ಟಾಪನ್ನು ಕಿತ್ತುಕೊಂಡೆ. ಎರಡೂ ಕೈಯಲ್ಲಿ ಎತ್ತಿ ಅವರ ತಲೆಗೇ ಗುರಿಯಿಟ್ಟು ಹೊಡೆದೆ. ಸುಳ್ಳು ಹೇಳಲಾರೆ, ತಲೆಗೇ ಗುರಿಯಿಟ್ಟಿದ್ದೆ. ಅವರು ಬಲಗೈ ಅಡ್ಡ ಹಿಡಿದರು. ಹಸಿ ತೆಂಗಿನಗರಿಯ ದಿಂಡು ಮುರಿದಂತೆ ಸದ್ದಾಯಿತು. ಎರಡನೆಯ ಸಲವೂ ಎತ್ತಿದೆ. ಆಗ ನನಗೆ ಒಂದು ಗಳಿಗೆ ಸಂತೋಷವಾಗಿತ್ತು. ಚಿಕ್ಕಂದಿನಿಂದ ನನ್ನ ಬೆನ್ನಿಗೆ ಬಿದ್ದ ಕೈ ಅದು. ಅಪ್ಪ ಕಿರುಚಲಿಲ್ಲ. ಸೊಟ್ಟಗೆ ನೇತಾಡುವ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು, “ನಿನಗೆ ಕಿಂಡಿ ಹೋಗ್ತದೆ ಅಂತ ಮಾಡಿದ್ದು,” ಎಂದರು. ಎರಡನೆಯ ಏಟು ನೆಲಕ್ಕೆ ಬಿತ್ತು. ಲ್ಯಾಪ್‌ಟಾಪು ಎರಡು ಹೋಳಾಯಿತು.

ಆಸ್ಪತ್ರೆಯಲ್ಲಿ ಯುವ ಡಾಕ್ಟರು ಎಕ್ಸ್‌ರೇ ಹಿಡಿದು ಹೇಗಾಯಿತು ಎಂದು ಕೇಳಿದರು. “ಬಚ್ಚಲಲ್ಲಿ ಜಾರಿದೆ,” ಎಂದರು ಅಪ್ಪ. “ಇಲ್ಲ, ನಾನು ಹೊಡೆದೆ,” ಎಂದೆ. ಅಪ್ಪ ಡಾಕ್ಟರ ಕಡೆ ನೋಡಿ ನಕ್ಕು, ತಮ್ಮ ಹೋಟೆಲ್ ತಮಿಳಿನಲ್ಲಿ, ಇವಳಿಗೆ ತಲೆಯ ಕಾಯಿಲೆ, ಯಾವುದು ಆಯಿತು ಯಾವುದು ಆಗಲಿಲ್ಲ ಎಂದು ನೆನಪಿರುವುದಿಲ್ಲ ಎಂದರು. ಡಾಕ್ಟರು ನನ್ನ ಕಡೆ ಕನಿಕರದಿಂದ ನೋಡಿ, ಅಪ್ಪ ಹೇಳಿದ್ದನ್ನೇ ಬರೆದುಕೊಂಡರು. ನನ್ನನ್ನು ಉಳಿಸಲು ಅಪ್ಪ ನನ್ನ ಕಾಯಿಲೆಯಿಂದಲೇ ನನಗೆ ಹೊಡೆದಿದ್ದರು. ನಾಚಿಕೆಯಿಂದ ಆ ಕಾರಿಡಾರಿನಲ್ಲೇ ಸತ್ತುಹೋಗಬೇಕೆನಿಸಿತು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ.

ತಮ್ಮ ಬೇರೆ ಲ್ಯಾಪ್‌ಟಾಪ್ ತಂದುಕೊಟ್ಟ. ನನಗೆ ಕೊಡಲು ಹೆದರಿ ಮೇಜಿನ ಮೇಲಿಟ್ಟು ಹೋದ. ಗಡುವಿಗೆ ಒಂದು ತಿಂಗಳು ಸೇರಿಸಿದ, ಅದನ್ನೂ ಬಾಗಿಲ ಹೊರಗಿನಿಂದಲೇ ಹೇಳಿದ. ಕ್ಲಿನಿಕ್ಕಿನಲ್ಲಿ ಹಳೆಯದನ್ನೆಲ್ಲ ಅಳಿಸಿ ಎರಡು ಕಿಟಕಿಯಿಂದ ಶುರು ಮಾಡಿದರು. ಎರಡು. ಮೂರಕ್ಕೆ ಬರಲು ವಾರ ಹಿಡಿಯಿತು. ಅಪ್ಪ ಪ್ಲಾಸ್ಟರ್ ಹಾಕಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ದೂರದ ಕುರ್ಚಿಯಲ್ಲಿ ಕೂತಿರುತ್ತಿದ್ದರು, ಹತ್ತಿರ ಬರುತ್ತಿರಲಿಲ್ಲ. ಅವರಿಗೆ ಬಲಗೈ ಇಲ್ಲದೆ ಊಟವೇ ಆಗುತ್ತಿರಲಿಲ್ಲ. ಎಡಗೈಯಲ್ಲಿ ಉಣ್ಣುವುದೆಂದರೆ ಅವರಿಗೆ ಹೇಸಿಗೆ. ಮೊದಲು ಕೆಲವು ದಿನ ನಾನೇ ತುತ್ತು ಮಾಡಿ ತಿನ್ನಿಸಿದೆ, ಅವರು ಕಣ್ಣು ಮುಚ್ಚಿಕೊಂಡು ತಿಂದರು. ಆಮೇಲೆ ಚಮಚ ಕೇಳಿದರು. ಆರು ವಾರಗಳ ಕೊನೆಗೆ ನಾನು ಐದು ಕಿಟಕಿ ತಲುಪಿದೆ. ಐದು ನನ್ನದೇ, ಯಾರೂ ಕಾದುಕೊಟ್ಟದ್ದಲ್ಲ.

ಗಡುವು ಮುಗಿಯಿತು. “ಒಂದು ಬೆಳಿಗ್ಗೆ ನಿಲ್ಲು, ನೋಡುವಾ,” ಎಂದ ತಮ್ಮ. ಕುತ್ತಿಗೆಗೆ ಐಸ್‌ನೀರಿನಲ್ಲಿ ಅದ್ದಿದ ಟವೆಲ್ ಸುತ್ತಿಕೊಂಡು ಕಿಂಡಿಯಲ್ಲಿ ನಿಂತೆ. ಏಳೂವರೆಗೆ ಗಿರಾಕಿಗಳು ತುಂಬಿದರು. ಕೂಗು ಬಂತು, ಹಿಡಿದೆ, ಹೇಳಿದೆ. ಇಡ್ಲಿ ಹೋಯಿತು, ಪೊಂಗಲ್ ಹೋಯಿತು, ಭಟ್ಟರ ಸೌಟು ನನ್ನ ದನಿಗೆ ತಿರುಗಿತು. ಅರ್ಧ ಗಂಟೆ ಯಾರೂ ತಟ್ಟೆ ವಾಪಸು ತರಲಿಲ್ಲ. ತಮ್ಮ ಗಲ್ಲಾದಿಂದ ಎದ್ದು ನಿಂತು ನೋಡುತ್ತಿದ್ದ. ಅಪ್ಪ ಬಂದು ಕಿಂಡಿಗೆ ಎದುರಾಗಿ ಮೂರನೆಯ ಮೇಜಿನಲ್ಲಿ ಗಿರಾಕಿಯಂತೆ ಕೂತರು. ನಾನು ಗೆದ್ದೆ ಎಂದುಕೊಂಡೆ. ಹನ್ನೆರಡು ವರ್ಷದ ಸುಖ ಪೂರ್ತಿ ಮೈಗೆ ಬಂತು.

ಒಂದು ಸಣ್ಣ ಬಿಡುವು ಸಿಕ್ಕಾಗ ಕಿಂಡಿಯಿಂದ ಬಗ್ಗಿ ಅಪ್ಪನನ್ನು ನೋಡಿದೆ. ಎಡಗೈಯ ಚಮಚದಲ್ಲಿ ರವೆ ದೋಸೆ ಮುರಿದು ತಿನ್ನುತ್ತಿದ್ದರು. ದೋಸೆಯ ತುಂಬ ಕೆಂಪಗೆ ಹುರಿದ ಈರುಳ್ಳಿ.

ಸಪ್ಲೈಯರು ಮೇಜಿನ ಪಕ್ಕದಲ್ಲಿ ಬಿಳಿಚಿಕೊಂಡು ನಿಂತಿದ್ದ. ಹಣೆಯ ಮೇಲೆ ನಾನು ಹಾಕಿಸಿದ ಹೊಲಿಗೆಯ ಗುರುತಿದ್ದವನು ಅವನೇ. ನಾನು ಹೊರಗೆ ಓಡಿದೆ.

“ಏನು ಕೂಗಿದ್ದೆ ನೀನು?” ಎಂದು ಅವನನ್ನು ಕೇಳಿದೆ.

“ಮೂರಕ್ಕೆ ಒಂದು ರವೆ, ನೀರುಳ್ಳಿ ಇಲ್ಲದ್ದು ಅಂತಲೇ ಕೂಗಿದ್ದು ಅಕ್ಕ,” ಎಂದ. ಹೆಜ್ಜೆ ಹಿಂದಿಟ್ಟ, ಹೊಡೆತ ಬರುತ್ತದೆ ಎಂದು.

“ಅವ ಸುಳ್ಳು ಹೇಳ್ತಾನೆ,” ಎಂದರು ಅಪ್ಪ. “ನಾನೇ ನೀರುಳ್ಳಿ ಹಾಕಿ ಅಂದದ್ದು. ರುಚಿ ನೋಡುವ ಅಂತ.”

“ಉಗೀರಿ ಅಪ್ಪ.”

ಅಪ್ಪ ಬಾಯಲ್ಲಿದ್ದುದನ್ನು ನುಂಗಿದರು. ಗಂಟಲು ಉಬ್ಬಿ ಇಳಿಯಿತು, ಕಣ್ಣಲ್ಲಿ ನೀರು ಬಂತು. ಮತ್ತೊಂದು ಚಮಚಕ್ಕೆ ಕೈ ಹಾಕಿದರು. ತಪ್ಪು ತಟ್ಟೆಗೆ ತುಟಿ ಒಡೆಯುತ್ತಿದ್ದ ಮನುಷ್ಯ, ಎಪ್ಪತ್ತನಾಲ್ಕು ವರ್ಷ ಮುಟ್ಟದಿದ್ದುದನ್ನು ಊರವರ ಎದುರು, ಎಡಗೈಯಲ್ಲಿ ತಿನ್ನುತ್ತಿದ್ದರು, ಮಗಳ ಮೇಜು ಕಾಯಲಿಕ್ಕೆ. ನಾನು ತಟ್ಟೆ ಎಳೆದುಕೊಂಡೆ.

“ಹೊಡೀರಿ ನನಗೆ,” ಎಂದೆ. “ಬೇರೆ ಯಾರಾದ್ರೂ ಆಗಿದ್ರೆ ಹೊಡೀತಿದ್ರಿ. ಹೊಡೀರಿ.”

ಅಪ್ಪ ಮೂಳೆ ಇನ್ನೂ ಕೂಡದ ಕೈಯ ಪ್ಲಾಸ್ಟರನ್ನು ನೋಡಿಕೊಂಡರು, ಚಮಚ ಹಿಡಿದ ಎಡಗೈಯನ್ನು ನೋಡಿಕೊಂಡರು. “ಯಾವ ಕೈಯಲ್ಲಿ ಹೊಡೀಲಿ ಮಾರಾಯ್ತಿ?” ಎಂದರು.

ನಾನು ಅಡುಗೆಮನೆಗೆ ಹೋಗಿ ಭಟ್ಟರ ಪಕ್ಕದಲ್ಲಿ ನಿಂತೆ. ಒಂದು ರವೆ, ಈರುಳ್ಳಿ ಇಲ್ಲದ್ದು ಎಂದೆ. ಹೊರಗೆ ಐದಾರು ಜನ ಕೂಗುತ್ತಿದ್ದರು, ಯಾರ ಕೂಗನ್ನೂ ಹಿಡಿಯಲಿಲ್ಲ. ಆ ಒಂದು ದೋಸೆ ಬೇಯುವ ತನಕ ಅದನ್ನೇ ಬಾಯಲ್ಲಿ ಹೇಳಿಕೊಳ್ಳುತ್ತ ನಿಂತು, ನಾನೇ ಒಯ್ದು ಅಪ್ಪನ ಮುಂದೆ ಇಟ್ಟೆ. ಗಲ್ಲಾದ ಹತ್ತಿರ ಹೋಗಿ ಕುತ್ತಿಗೆಯ ಟವೆಲ್ ತೆಗೆದು ತಮ್ಮನ ಕೈಗೆ ಕೊಟ್ಟೆ. “ಮಿಷನ್ ತರಿಸು,” ಎಂದೆ. ಅವನು ಟವೆಲನ್ನು ಗಲ್ಲಾದ ಮೇಲಿಟ್ಟು, ನಾನು ಬಿಟ್ಟುಬಂದ ಕಿಂಡಿಗೆ ಹೋಗಿ ನಿಂತ.

ಮಾರನೆಯ ಬೆಳಿಗ್ಗೆ ಏಳಕ್ಕೆ ಆಟಕ್ಕೆ ಕೂತೆ. ಐದು ಕಿಟಕಿಗಳಲ್ಲಿ ನಾಲ್ಕನ್ನು ಸರಿಯಾಗಿ ಒತ್ತಿ ಐದನೆಯದಕ್ಕೆ ತಪ್ಪಿದೆ, ಯಂತ್ರ ‘ಟೊಂಯ್’ ಎಂದಿತು. ಕೈ ಮೌಸನ್ನು ಎತ್ತಿತು. ದೂರದ ಕುರ್ಚಿಯಲ್ಲಿ ಅಪ್ಪ ಎಡಗೈಯನ್ನು ಮುಖಕ್ಕೆ ಅಡ್ಡ ಹಿಡಿದದ್ದು ಕಂಡಿತು. ಮೌಸನ್ನು ಮೆಲ್ಲಗೆ ಕೆಳಗಿಟ್ಟೆ. ತಮ್ಮನ ಹಳೆಯದೊಂದು ನೋಟ್‌ಬುಕ್ ತೆರೆದು, ‘ಬೆಳಿಗ್ಗೆ, ನಾಲ್ಕು’ ಎಂದು ಬರೆದೆ.